ಅನಗವಾಡಿ ಬ್ರಿಜ್ಜಿನ ತನಕ

ಹಳದಿ ದೀಪ ಹತ್ತಿ ಮೂರು ದಿನ ಆಗಿತ್ತು.
ನವನಗರದಾಗ ಸೆಕ್ಟರಿನಿಂದ ಸೆಕ್ಟರಿಗೆ,
ವಿದ್ಯಾಗಿರಿಯಿಂದ ಹಳೇ ಊರಿನ ಅರಿವಿ ಅಂಗಡಿಗೆ,
ಹತ್ತು ಮಿನಿಟು ಹೊಡಿ, ಬಂದ್ ಮಾಡು,
ಖಣದ ಗಂಟು ಇಳಿಸು, ಲೆಕ್ಕ ಬರಿ, ಮತ್ತ ಚಾಲೂ ಮಾಡು.
ಇಷ್ಟ ನನ್ನ ಗಾಡಿಯ ಬಾಳೇವು.

ಲಾಡ್ಲೇಮಶಾಕ ಬಾನೆಟ್ ಎತ್ತಲಿಲ್ಲ,
ಕೈಯಾಗಿನ ಚಾದ ಕಪ್ಪು ಕೆಳಗ ಇಡಲೂ ಇಲ್ಲ.
'ಅಕ್ಕಾರ, ಗಾಡಿಗೆ ರೋಗ ಇಲ್ಲ.
ಅದರ ಮಾತು ಮುಗಿಯೂದರೊಳಗ
ನೀವು ಕೀಲಿ ತಿರುವತೀರಿ.'

ಅಡ್ಡ ಕೊಯ್ದ ಹಳೇ ಫಿಲ್ಟರೊಂದು ಗ್ವಾಡಿಗೆ ಆನಿಸಿತ್ತು.
ಚೌಕದ ತೂತು, ಸಾವಿರಗಟ್ಟಲೆ.
ಒಂದರ ಬಾಯಿ ತೆರೆದು ತಳ ಮುಚ್ಚಿತ್ತು,
ಮಗ್ಗಲದ್ದರ ಬಾಯಿ ಮುಚ್ಚಿ ತಳ ತೆರೆದಿತ್ತು.
ಹೊಗಿಗೆ ಬ್ಯಾರೆ ಹಾದಿ ಇಲ್ಲ,
ನಡುವಿನ ಗ್ವಾಡಿ ತೂರಿಕೊಂಡ ಹೋಗಬೇಕು,
ಮಸಿ ಅಲ್ಲೇ ಉಳೀಬೇಕು.
ಒಂದು ಎತ್ತು, ಒಂದು ಇಳಿ:
ಗುಳೇದಗುಡ್ಡದಾಗ ನಮ್ಮಪ್ಪನ ಕುಣಿಮಗ್ಗ
ಇದನ್ನ ನೂಲಿನಾಗ ಆಡತಿತ್ತು.
ಮುಟ್ಟಿ ನೋಡಿದೆ. ಬೆರಳು ಕರ್ರಗಾತು.

'ತೊಳಿಯಾಕ ಬರೂದಿಲ್ಲೇನು?'
'ನೀರಲ್ಲ ಅಕ್ಕಾರ, ಬೆಂಕಿ. ಆರನೂರು ಡಿಗ್ರಿ.
ದೂರ ಓಡಿದ್ರ ತಂತಾನ ಸುಡತೈತಿ, ನಿಮಗ ಗೊತ್ತೂ ಆಗೂದಿಲ್ಲ.
ಓಡಲಿಲ್ಲಂದ್ರ ಒಂದೀಟು ಡೀಸೆಲ್ ಹೆಚ್ಚು ಕುಡದು
ಮೈ ಕಾಸಿಕೊಳ್ಳಾಕ ನೋಡತೈತಿ.
ಅಷ್ಟರಾಗ ನಿಮ್ಮ ಅಂಗಡಿ ಬಂದಿರತೈತಿ.'

ಹಂಗಾರ ಅದು ಇದ!
ಬಂದ್ ಮಾಡಿದ ಮ್ಯಾಲೂ ಗೊರ್ ಅನ್ನೋ ಫ್ಯಾನು,
ಇಸ್ತ್ರಿ ಪೆಟ್ಟಿಗಿ ಮರೆತು ಬಿಟ್ಟಂಥ ವಾಸನಿ.
ಸಿಟ್ಟಿಗೆದ್ದೈತಿ ಅಂತ ತಿಳಿದು
ನಾನೂ ಬಾಗಲಾ ಬಡದು ಹೋಗತಿದ್ದೆ.

'ಗದ್ದನಕೇರಿ ಕ್ರಾಸ್ ದಾಟಿ ಅನಗವಾಡಿ ಬ್ರಿಜ್ಜಿನ ತನಕ ಹೊಡೀರಿ.
ನಾಕನೇ ಗೇರು. ಮುಳ್ಳು ಎರಡು ಸಾವಿರದ ಕೆಳಗ ಇಳೀಬಾರದು.
ಎಲ್ಲೂ ನಿಲ್ಲಬ್ಯಾಡ್ರಿ. ಚಾಕ್ಕೂ.'

ಹೊಂಟೆ. ಡಿಕ್ಕಿ ಖಾಲಿ, ಮಗ್ಗಲ ಸೀಟೂ ಖಾಲಿ.
ಯಾರಿಗೂ ಏನೂ ಮುಟ್ಟಿಸೂದಿಲ್ಲದ ಹಾದಿ,
ಎಷ್ಟು ವರ್ಷಕ್ಕೋ.
ಬರಗುಂಡಿ ಸಂಕಣ್ಣನ ಫೋನು ಎರಡು ಸರತಿ ಬಡಕೊಂಡು ಸುಮ್ಮನಾತು.
ಮೈಲೇಜಿನ ಅಂಕಿ ಹದಿನೆಂಟರಿಂದ ಒಂಬತ್ತಕ್ಕ ಕುಸೀತು,
ಇಂಜಿನ್ನಿನ ದನಿ ನೆಗಡಿ ಆದವರಂಗ ದಪ್ಪಾತು.
ಎರಡು ಡಬ್ಬಿ ಕಬ್ಬಿನ ಟ್ರ್ಯಾಕ್ಟರು ಹಿಂದ ಹಾಕಿ
ಉಸಿರು ಬಿಟ್ಟು ನೋಡತೀನಿ,
ದೀಪ ಇಲ್ಲ.
ಯಾವಾಗ ಆರಿತೋ, ಹೇಳದ ಆರಿತು.

ಬ್ರಿಜ್ಜಿನ ಎರಡೂ ಕಡೆ ಘಟಪ್ರಭಾ ಹಿನ್ನೀರು, ಬಿಸಿಲಾಗ ತಗಡಿನಂಗ.
ಆ ದಂಡಿಗೆ ಹೋಗಿ ಹೊಳ್ಳಿದೆ.

'ಎಲ್ಲಾ ಹೋತೇನು?' ಸಂಜಿಮುಂದ ಕೇಳಿದೆ.
'ಮಸಿ ಹೋತು. ಬೂದಿ ಅಲ್ಲೇ ಇರತೈತಿ.
ಬೂದಿನ್ನ ಮತ್ತ್ಯಾರು ಸುಡತಾರ, ಅಕ್ಕಾರ?
ಲಕ್ಷ ಕಿಲೋಮೀಟರ್ ಆಗಲಿ, ಬಿಚ್ಚಿ ನೋಡೂಣು.'

ಮರುದಿನ ಸಂಕಣ್ಣನ ಅಂಗಡಿ ಮುಂದ
ಕೀಲಿ ಮ್ಯಾಲ ಕೈ ಇಟ್ಟಾಕಿ
ಒಂದು ಗಳಿಗಿ ಕಿವಿಗೊಟ್ಟೆ.
ಫ್ಯಾನು ಸುಮ್ಮನಿತ್ತು.
ಆಮ್ಯಾಲ ತಿರುವಿದೆ.