ಎರಡು ಚುಕ್ಕೆ

ಮಡಗಾಂವಿನ ಹೊಸ ಮಾರುಕಟ್ಟೆಯಲ್ಲಿ ಮೀನಿನ ವಾಸನೆ ಮುಗಿದು
ರಬ್ಬರಿನ ವಾಸನೆ ಶುರುವಾಗುವ ಕಡೆ ನನ್ನ ಅಂಗಡಿ.
ಆಟದ ಅಂಗಿಗಳ ಬೆನ್ನಿಗೆ ಹೆಸರು ಒತ್ತುವುದು ಕಸುಬು:
ಶಾಲೆಯ ಹುಡುಗರದು, ವಾರ್ಡಿನವರದು, ಬ್ಯಾಂಕಿನವರದು.
ಆ ವರುಷ ಒಂದೇ ವರುಷ
ಫಾತೋರ್ಡಾದ ದೊಡ್ಡ ಕ್ಲಬ್ಬಿನದು.

ಮೆನೆಝಿಸ್ ಚೀಟಿ ತಂದ. ಒಂಬತ್ತನೇ ನಂಬರು, ರೊನ್‌ಮಾರ್ಕ್.
ಓ ಅಕ್ಷರದ ನೆತ್ತಿಯಲ್ಲಿ ಎರಡು ಚುಕ್ಕೆ.
"ಪೆನ್ನು ಕಕ್ಕಿರಬೇಕು, ಬಿಡು" ಅಂದ.
ಬಿಟ್ಟೆ.

ಮೂರನೆಯ ದಿನ ಆಳೇ ಬಂದ,
ಚೌಕಟ್ಟಿಗೆ ತಲೆ ತಗ್ಗಿಸಿ;
ಮೂಗು ಬೇಯಿಸಿದ ಆಲೂಗಡ್ಡೆಯ ಹಾಗೆ ಸಿಪ್ಪೆ ಬಿಡುತ್ತಿತ್ತು.
ಅಂಗಿ ಮೇಜಿಗೆ ಹಾಸಿ ಬೆರಳಿಂದ ಕುಟ್ಟಿದ:
ಇಲ್ಲಿ. ಮತ್ತೆ ಇಲ್ಲಿ.

ಊರಿಗೆ ಹೊರಟವನು ದೀರ್ಘ ಮರೆತರೆ
ಉರಿಗೆ ಹೋಗಿ ಬೀಳುತ್ತಾನೆ ಅಂತ
ಬಾಗಲಕೋಟೆ ಕಡೆಯ ನಮ್ಮ ಮಾಸ್ತರು ಕಿವಿ ಹಿಂಡಿದ್ದರು.
ಅಷ್ಟು ನನಗೂ ಗೊತ್ತು.
ಚಡ್ಡಿಗೆ ಒತ್ತುವ ಸಣ್ಣ ಎಂಟು ಕತ್ತರಿಸಿದಾಗ
ಅದರ ಎರಡು ಹೊಟ್ಟೆಯಿಂದ ಬಿದ್ದ ಚೂರು
ನೆಲದಲ್ಲಿದ್ದವು. ಊದಿ, ಹೆಕ್ಕಿ,
ಚಪ್ಪಲಿಗೆ ಹಚ್ಚುವ ಗೋಂದು ಬಳಿದು
ಇಸ್ತ್ರಿಯಡಿ ಕೂರಿಸಿದೆ.

ಅವನ ಇಂಗ್ಲಿಷು ಅರ್ಧ, ನನ್ನದು ಕಾಲು. ಚಹಾ ಬಂತು.
ತುಟಿ ಓ ಅನ್ನಬೇಕಂತೆ, ಒಳಗೆ ನಾಲಿಗೆ ಏ ಅನ್ನಬೇಕಂತೆ.
ಡೆನ್ಮಾರ್ಕಿನವರು ಚುಕ್ಕೆ ಕಿತ್ತು
ಓ ಹೊಟ್ಟೆಗೆ ಅಡ್ಡಗೀಟು ಎಳೆದರಂತೆ.
ಸೈಪ್ರಸ್ಸಿನಲ್ಲಿ ಚುಕ್ಕೆಯೂ ಇಲ್ಲ,
ಮೂರು ತಿಂಗಳ ಪಗಾರವೂ ಇಲ್ಲ.
ಟರ್ಕಿ ಒಂದೇ ಸರಿಯಾಗಿ ಬರೆದದ್ದು.
ಅಲ್ಲೇ ಹದಿನಾಲ್ಕು ಗೋಲು,
ಅಲ್ಲೇ ಮಂಡಿ.
ಎದ್ದು ಹೋಗುವಾಗ ಬೋರ್ಡು ನೋಡಿ
"ಥ್ಯಾಂಕ್ಯೂ, ಡೇಮನ್" ಅಂದ.
ದ್ಯಾಮಣ್ಣ ಎಂದು ತಿದ್ದಲಿಲ್ಲ ನಾನು;
ಪೇಂಟರನಿಗೆ ಕೊಟ್ಟ ದುಡ್ಡು ಕೊಟ್ಟಾಗಿದೆ,
ಇಪ್ಪತ್ತೆರಡು ವರುಷವೂ ಆಗಿದೆ.

ಮೊದಲ ಪಂದ್ಯದಲ್ಲಿ ಕಾರ್ನರಿಗೆ ಎದ್ದ ತಲೆ
ದೀಪದ ಕಂಬದವರೆಗೂ ಹೋದಂತಿತ್ತು.
"ಪಾತ್ರಾಂವ್!" ಅಂದಿತು ಗ್ಯಾಲರಿ.
ಆಮೇಲೆ ಏಳು ಪಂದ್ಯ ಖಾಲಿ.
ಪೆನಾಲ್ಟಿ ಕಂಬಕ್ಕೆ ಬಡಿದ ಸದ್ದು
ನನ್ನ ಹಲ್ಲಿಗೆ ತಾಗಿತು.
ಅದೇ ಬಾಯಿ, ಅದೇ ಕಡಲೆಕಾಯಿ:
"ಮ್ಹಾತಾರೊ!"
ಮೂವತ್ಮೂರಕ್ಕೆ ಮುದುಕ.

ಜನವರಿಯಲ್ಲಿ ಮೆನೆಝಿಸ್ ಆರು ಅಂಗಿ ತಂದು ಒಗೆದ.
"ಕೀಳು. ಘಾನಾದ ಹುಡುಗ ಬರ್ತಾನೆ, ಅಡ್ಡೊ.
ನಾಲ್ಕೇ ಅಕ್ಷರ, ನಿನಗೂ ಲಾಭ."
ಇಸ್ತ್ರಿ ಕಾಯಿಸಿ ಎತ್ತಿದೆ.
ಅಕ್ಷರ ಸುಲಭವಾಗಿ ಬಂದವು,
ಹಳೆ ಗಾಯದ ಪೊರೆ ಬಂದ ಹಾಗೆ.
ಚುಕ್ಕೆ ಬರಲಿಲ್ಲ.
ಚಪ್ಪಲಿ ಗೋಂದು, ಸುಮ್ಮನೆ ಅಲ್ಲ.
ಉಗುರಿಂದ ಐದು ಅಂಗಿ ಕೆರೆದೆ.
ಆರನೆಯದು ಇಸ್ತ್ರಿಗೆ ಸುಟ್ಟಿತು ಎಂದು ಲೆಕ್ಕ ಬರೆದೆ.

ಬಾಕಿ ಹಣಕ್ಕೆ ಕಾಯುತ್ತ ಅವನು ಇನ್ನೂ ಇಲ್ಲೇ ಇದ್ದ.
ಬಾಣಾವಲಿಯ ಗದ್ದೆ, ಕೊಯ್ಲು ಮುಗಿದ ಕೂಳೆ,
ವಾರ್ಡಿಗೂ ವಾರ್ಡಿಗೂ ರವಿವಾರದ ಪಂದ್ಯ.
ಅಂಗಿ ತಲುಪಿಸಲು ಹೋದವನು ಕಂಡೆ:
ಹನ್ನೊಂದಕ್ಕೆ ಒಬ್ಬ ಕಡಿಮೆ,
ಸ್ಕೂಟರಿನ ಮೇಲೆ ಕೂತವನು ಇವನು.
ಚೀಲದ ತಳದಿಂದ ಆರನೆಯದನ್ನು ತೆಗೆದು ಕೊಟ್ಟೆ.

ಹೆಸರಿಲ್ಲದ ಬೆನ್ನಿನ ಮೇಲೆ
ಬರೀ ಎರಡು ಚುಕ್ಕೆ ಓಡಿದವು,
ಬದುವಿನಿಂದ ಬದುವಿಗೆ, ಒಂದು ಕಾಲೆಳೆದುಕೊಂಡು.
ಎಮ್ಮೆಯೊಂದು ಗೋಲಿನ ಹಿಂದೆ ಮಲಗಿತ್ತು.
ಚೆಂಡು ಅದರ ಪಕ್ಕೆಗೆ ಬಡಿದಾಗಲೇ
ಗೋಲಾಯಿತೆಂದು ಗೊತ್ತಾದದ್ದು; ಬಲೆ ಇರಲಿಲ್ಲ.

ಬಹುಮಾನ ಒಂದು ಮೊಳ ಚೊರಿಸು.
ಪಾದ್ರಿ ಕೈಗೆ ಕೊಟ್ಟರೆ
ಅವನು ಕೊರಳಿಗೆ ಹಾಕಿಕೊಂಡ.
"ಮುಂದೆ ಎಲ್ಲಿ?" ಎಂದೆ.
"ಮಲೇಷ್ಯಾ, ಇರಬಹುದು" ಎಂದು
ಬೆನ್ನಿಗೆ ಕೈ ಹಿಂದಕ್ಕೆ ಚಾಚಿದ, ಎಟುಕಲಿಲ್ಲ;
ಕೆಂಪು ಎಣ್ಣೆ ಮಾತ್ರ ಅಂಗಿಗೆ ಇಳಿಯುತ್ತಿತ್ತು.
ಅದು ಹೋಗುವ ಕಲೆಯಲ್ಲ.