ಪವರ್ಗ

ಗುದೈಬಿಯಾದ ಎರಡನೇ ಮಹಡಿ, ಕೆಳಗೆ ಶವರ್ಮಾ ಅಂಗಡಿ,
ಹಲ್ಲು ಕೀಳುವ ಕುರ್ಚಿಯ ಬದಿಗೆ ನಾನು,
ಮೂಕಾಂಬು, ಗಂಗೊಳ್ಳಿ ಕಡೆಯವಳು,
ಕೈಯಲ್ಲಿ ಎಂಜಲು ಹೀರುವ ಕೊಳವೆ.

ಇಲ್ಲಿ ಎಲ್ಲ ದೇಶದವರೂ ಬಾಯಿ ತೆರೆದು
ಹೇಳುವುದು ಒಂದೇ ಅಕ್ಷರ: ಆ.
ಅದಕ್ಕೆ ಪಾಸ್‌ಪೋರ್ಟ್ ಇಲ್ಲ.
ಬಾಯಿ ಮುಚ್ಚಿ ತೆರೆದಾಗಲೇ ಊರು ಗೊತ್ತಾಗುವುದು.

ಹಲ್ಲು ತೊಳೆಯುವ ಮರಿಸೆಲ್, ಇಲೊಯಿಲೊದವಳು,
ಬಂದ ಗಂಡಸರಿಗೆಲ್ಲ ಅಂಕ ಕೊಟ್ಟಿದ್ದಾಳೆ
ಔಷಧ ಕಂಪನಿಯ ಕ್ಯಾಲೆಂಡರಿನ ಹಿಂಬದಿ.
ಫ್ರೆಂಚ್ ಎಂಜಿನಿಯರು: ಅರ್ಧ ಮಾತು ಮೂಗಿನಲ್ಲೇ, ಆದರೂ ಎಂಟು.
(ನಮಗೆ ನೆಗಡಿಯಾದರೆ ಯಾರು ಕೊಡುತ್ತಾರೆ ಆ ಬೆಲೆ?)
ಲೆಬನಾನಿನವನು ಚೀಟಿ ಬರೆಸುವ ಮೊದಲೇ
ಅವಳ ಕಣ್ಣನ್ನು ಎರಡು ಸಲ ಹೊಗಳಿದ,
ಅವಳು ಕಪ್ಪು ಕನ್ನಡಕ ಹಾಕಿದ್ದಳು. ಒಂಬತ್ತು.
ಇಟಲಿಯ ಹಡಗಿನವನ ಬಾಯಿ ತುಂಬ ಹತ್ತಿ,
ಕೈ ಮಾತ್ರ ಸುಮ್ಮನಿರಲಿಲ್ಲ, ಟ್ರೇ ಬಿತ್ತು. ಒಂಬತ್ತೂವರೆ.
ಬ್ರಿಟಿಷ್ ಮುದುಕ ಕಿತ್ತ ಹಲ್ಲಿಗೆ ಸಾರಿ ಹೇಳಿದ.
ನಾಲ್ಕು, ಕರುಣೆಯಿಂದ.
ನಮ್ಮ ಈಜಿಪ್ಟಿನ ಡಾಕ್ಟರಿಗೆ ಹತ್ತು, ಸಂಬಳ ಕೊಡುವವರು.
"ನಿಮ್ಮ ಊರಿನವರಿಗೆ?" ಅಂದೆ.
"ಚೆನ್ನಾಗಿ ಹಾಡುತ್ತಾರೆ. ಬಾಡಿಗೆ ನಾನು ಕಟ್ಟುತ್ತೇನೆ."
"ಮತ್ತೆ ನಮ್ಮವರಿಗೆ?"
"ಮರ ಸುತ್ತಿ ಕುಣಿದು, ಆಮೇಲೆ ಅಮ್ಮನ ಕೇಳುವವರು. ಎರಡು."

ನಾನು ವಾದಿಸಲಿಲ್ಲ.
ಅಬ್ಬಿ ನಮ್ಮ ಅಪ್ಪಯ್ಯನನ್ನು ಕರೆದದ್ದು
ನಲವತ್ತು ವರ್ಷ ಒಂದೇ ಮಾತಲ್ಲಿ: ಹ್ವಾಯ್.
ಸಿಟ್ಟಿದ್ದರೆ ಗಿಡ್ಡ, ಮೀನು ಬಂದರೆ ಉದ್ದ,
ಇನ್ನೊಂದು ಥರದ್ದಿತ್ತು, ದೀಪ ಆರಿಸಿದ ಮೇಲಿನದು,
ಅದಕ್ಕೆ ಕ್ಯಾಲೆಂಡರಿನಲ್ಲಿ ಜಾಗ ಇರಲಿಲ್ಲ.

ಮಂಗಳವಾರ ಅಮರೇಗೌಡ ಬಂದ,
ಲಿಂಗಸುಗೂರು ಸೀಮೆ, ಸಿತ್ರಾದಲ್ಲಿ ಕ್ರೇನ್ ಕೆಲಸ,
ಒಂದು ಕೆನ್ನೆ ಜೋಳದ ಚೀಲ.
"ಬಾಯ್ ಕಳಿನಿ, ಕಾಂಬ," ಅಂದೆ.
ಗಾಬರಿಯಾದ: "ಕಳದ್ರ ಮತ್ತ ಎಲ್ಲಿ ಹುಡುಕೂದ್ರಿ?"
ಮಾತೃಭಾಷೆ ಎಂಬಲ್ಲಿ
ಇಬ್ಬರೂ ಒಂದೇ ಪದ ತುಂಬಿ ಬಂದವರು!

ಆಗ ಒಳಗೆ ಬಂದರು ಡಾಕ್ಟರ್ ಸಾಮೆಹ್, ಮನ್ಸೂರಾದವರು.
ಪಕಾರಕ್ಕೂ ಅವರಿಗೂ ಹುಟ್ಟಿನಿಂದ ಮಾತಿಲ್ಲ,
ಪೆಪ್ಸಿ ಅವರಿಗೆ ಬೆಬ್ಸಿ, ಪೇನ್ ಅವರಿಗೆ ಬೇನ್.
"ಬೇನ್?" ಅಂದರು, ಕನ್ನಡಿ ಒಳಗಿಟ್ಟು.
ಗೌಡನ ಊದಿದ ಮುಖ ಅರಳಿತು:
"ಹೌದ್ರಿ, ಬ್ಯಾನಿ! ಭಾಳ ಬ್ಯಾನಿ!"
"ಬಿಗ್ ಬೇನ್?"
"ಬ್ಯಾನಿರೀ, ರಾತ್ರಿ ಪೂರಾ!"
ನೈಲ್ ನದಿಯೂ ಕೃಷ್ಣೆಯೂ ಒಂದು ದವಡೆ ಹಲ್ಲಿನ ಬುಡದಲ್ಲಿ ಕೂಡಿದವು.
ಕನ್ನಡದಿಂದ ಕನ್ನಡಕ್ಕೆ ತರ್ಜುಮೆ ಮಾಡಬೇಕಾದ ನಾನು
ಕೊಳವೆ ಹಿಡಿದು ನಿಂತಿದ್ದೆ, ಪರದೇಶಿ.

ಸೂಜಿ ಹೋಯಿತು. ತುಟಿ ಮರಗಟ್ಟಿತು.
ಹಲ್ಲು ಬಟ್ಟಲಿಗೆ ಟಣ್ಣೆಂದ ಮೇಲೆ
ನನ್ನ ಎದೆಯ ಬಿಲ್ಲೆ ಓದಲು ಹೊರಟ:
"ಊ... ಊಕಾಂ... ಉ."
ತುಟಿಗೆ ತುಟಿ ತಾಗದೆ ನನ್ನ ಹೆಸರು ಆಗುವುದೇ ಇಲ್ಲ,
ಇಪ್ಪತ್ತೊಂಬತ್ತು ವರ್ಷ ಹೊತ್ತು ತಿರುಗಿದವಳಿಗೆ
ಅವತ್ತು ತಿಳಿಯಿತು.
ಮರಿಸೆಲ್ ಕೆಮ್ಮಿದಳು.
ನಾನು ಟ್ರೇ ಒರೆಸಿದೆ, ಒರೆಸಿದ್ದನ್ನೇ.
"ಎರಡು ತಾಸು ತಡೀರಿ," ಅಂದೆ, ಅವನ ಕಡೆಯ ಮಾತಲ್ಲಿ,
"ಅಕ್ಷರ ಎಲ್ಲಾ ವಾಪಸ್ ಬರ್ತಾವ್ರಿ."

ಸಂಜೆ ಏಳಕ್ಕೆ ಫೋನು.
ಹಿಂದೆ ಸಿತ್ರಾದ ಗಾಳಿ, ಯಾರದೋ ಬಂಗಾಳಿ ಬೈಗುಳ.
ನಮಸ್ಕಾರವಿಲ್ಲ, ಯಾರೆಂದು ಹೇಳಲಿಲ್ಲ,
ಸಾಲಿ ಹುಡುಗನ ಹಾಗೆ ಶುರು ಹಚ್ಚಿದ:
"ಪ. ಫ. ಬ. ಭ."
ನಿಂತ.
ಭಾರ ತೂಗುತ್ತಿರುವಾಗ ಕ್ರೇನು ಹೀಗೇ ನಿಲ್ಲಿಸುತ್ತಾರೇನೋ.
"ಮ ತನಕ ಬಂದೀನ್ರಿ. ಮುಂದ ಹೇಳ್ಲೋ ಬ್ಯಾಡೋ?"

ನಾನು ಹೇಳಬೇಕಿದ್ದದ್ದು:
ಉಪ್ಪುನೀರು ಮುಕ್ಕಳಿಸಿ, ಬಿಸಿ ಚಹಾ ಬೇಡ.
ಬಾಯಿಂದ ಬಂದದ್ದು
"ಹ್ವಾಯ್",
ಯಾವ ಥರದ್ದೆಂದು ನನಗೇ ಸರಿಯಾಗಿ ಕೇಳಿಸಲಿಲ್ಲ.