ಇನ್ನೊಂಚೂರು ಎಡಕ್ಕೆ

ವ್ಲೋರದ ನಮ್ಮ ಮನೆಗೆ ಕಡಲು ಕಾಣುವ ಕಿಟಕಿ ಒಂದೇ.
ಕಡಲಾಚೆ ಇಟಲಿ. ಅದು ಕಾಣುತ್ತಿರಲಿಲ್ಲ.
ರಾತ್ರಿ ಎಂಟಾದ ಮೇಲೆ, ತೆಂಕಣ ಗಾಳಿ ಬೀಸಿದರೆ,
ಸಿಕ್ಕುತ್ತಿತ್ತು.

ಅದಕ್ಕೆ ಬೇಕಿದ್ದದ್ದು
ಮೀನಿನ ಖಾಲಿ ಡಬ್ಬಿ,
ಮಾಮ ಹಡಗುಕಟ್ಟೆಯಿಂದ ಎಗರಿಸಿದ ತಾಮ್ರದ ತಂತಿ,
ಮತ್ತು ನಮ್ಮಣ್ಣ ಬೆದ್ರಿ.

ಹಗಲೆಲ್ಲ ಡಬ್ಬಿ ಹಿಟ್ಟಿನ ಚೀಲದಲ್ಲಿ ಹೂತಿರುತ್ತಿತ್ತು.
ಆಂಟೆನಾ ಅತ್ತ ಮುಖ ಮಾಡಿತೆಂದೇ
ಹಿಂದಿನ ಬೀದಿಯ ಮೇಷ್ಟರು ಗಣಿಗೆ ಹೋಗಿದ್ದರು.
ಕತ್ತಲಾದ ಮೇಲೆ ಬೆದ್ರಿ ಅದನ್ನು ಅಗೆದು ತೆಗೆದು
ಅಂಗಿಯೊಳಗಿಟ್ಟುಕೊಂಡು ಮಾಡು ಹತ್ತುವನು,
ಹೊಟ್ಟೆಗೆಲ್ಲ ಬಿಳಿ ಮೆತ್ತಿಕೊಂಡು.
ಅಮ್ಮ ಕಿಟಕಿಗೆ ಕಂಬಳಿ ಕಟ್ಟುವಳು.
ನಾನು ಒಲೆಯ ಹೊಗೆಕೊಳವೆಗೆ ಬಾಯಿಟ್ಟು
ಪಿಸುಗುಡುವೆ: ಎಡಕ್ಕೆ. ಇನ್ನೊಂಚೂರು ಎಡಕ್ಕೆ.
ಹಾಂ, ಅಲ್ಲೇ, ಅಲ್ಲಾಡಬೇಡ.

ಹಿಮ ಸುರಿಯುವ ಪರದೆಯೊಳಗಿಂದ
ಮೊದಲು ಎರಡು ಕಿವಿ, ಆಮೇಲೆ ಟೋಪಿ,
ಆಮೇಲೆ ಇಡೀ ಅಂಚೆಕತ್ತೆ!

ಚಿಂದಿಬಟ್ಟೆಯ ಬೊಂಬೆ ಅದು. ಊರೂರು ಕಾಗದ ಹಂಚುತ್ತಿತ್ತು.
ಹಸಿವು ತಾಳದೆ ವಾರಕ್ಕೊಂದು ಕಾಗದ ತಿಂದುಬಿಡುತ್ತಿತ್ತು.
ತಿಂದ ಮೇಲೆ ಬಾಗಿಲು ತಟ್ಟಿ
ಅದರಲ್ಲಿ ಏನಿತ್ತೆಂದು ತಾನೇ ಕಟ್ಟಿ ಹೇಳಬೇಕು.
ಮುದುಕಿ ಅಳುವಳು, ಬೇಕರಿಯವನು ಕುಣಿಯುವನು.
ಅವರಾಡುವ ಭಾಷೆ ನಮಗೆ ಬರುತ್ತಿರಲಿಲ್ಲ.
ಬಂದದ್ದೆಲ್ಲ ಆಮೇಲೆ ಬಂತು, ಆ ಕತ್ತೆಯಿಂದಲೇ.

'ಏನಾಗ್ತಿದೆ?' ಕೊಳವೆಯಲ್ಲಿ ಬೆದ್ರಿಯ ದನಿ.
'ಕಾಗದ ತಿಂತಾ ಇದೆ.'
'ಯಾವ ಬಣ್ಣದ್ದು?'
'ಬೂದು.'
'ಎಲ್ಲಾನೂ ಬೂದು ಅಂತೀಯಲ್ಲೇ, ಸರಿಯಾಗಿ ನೋಡು.'
ಸರಿಯಾಗಿ ನೋಡಿದೆ.
'ನೀಲಿ,' ಅಂದೆ. 'ಟೋಪಿ ಕೆಂಪು.'
ಅವತ್ತಿನಿಂದ ಬಿಡಲೇ ಇಲ್ಲ,
ಮುದುಕಿಗೆ ಹಸಿರು ಶಾಲು ಹೊದಿಸಿದೆ,
ಮುಗಿಯದ ಕಡೆ ಮುಗಿಸಿದೆ,
ಸಪ್ಪೆ ವಾರಗಳಲ್ಲಿ ಒಂದು ನಾಯಿಯನ್ನೂ ತಂದೆ.
ನಾಯಿ ಆ ಕತೆಯಲ್ಲಿ ಇರಲೇ ಇಲ್ಲ.
ಮಾಡಿನ ಮೇಲಿನ ನಗು ಹೊಗೆಯ ಹಾದಿಯಲ್ಲಿ ಇಳಿದು ಬಂದರೆ
ಮಸಿ ಉದುರುತ್ತಿತ್ತು ನನ್ನ ಮೂಗಿನ ಮೇಲೆ.

ಕೆಳಗಿನ ಮನೆ ರಾಪೊನದು, ಬೀದಿಸಮಿತಿಯವನು.
ಒಂದು ರಾತ್ರಿ ಗಾಳಿಗೆ ಕತ್ತೆ ಚೂರುಚೂರಾಗಿ
ಐದು ನಿಮಿಷವಾಗಿಲ್ಲ, ಬಾಗಿಲು ಬಡಿದ ಸದ್ದು.
ಅಮ್ಮ ಟೀವಿಯ ಮೇಲೆ ತನ್ನ ಮದುವೆಯ ಸೆರಗು ಎಳೆದು
ಹೋಗಿ ಚಿಲಕ ತೆಗೆದಳು.
ರಾಪೊನ ಹೆಂಡತಿ ನೆಜ್ಮಿಯೆ, ಕೈಯಲ್ಲಿ ಬಟ್ಟಲು.
ಉಪ್ಪು ಬೇಕಂತೆ. ಕೊಟ್ಟಳು.
ಹೋಗುವಾಗ, ಎತ್ತಲೋ ನೋಡುತ್ತ, ನೆಜ್ಮಿಯೆ ಅಂದಳು:
'ಇವತ್ತು ಗಾಳಿ ಜೋರು.
ಇನ್ನೊಂಚೂರು ಎಡಕ್ಕಿದ್ದರೆ ಒಳ್ಳೇದಿತ್ತು.'

ನಮ್ಮ ತಂತಿಗೆ ಸುತ್ತಿದ್ದ ಕವಲುತಂತಿ
ಬೆದ್ರಿಗೆ ಕಂಡದ್ದು ತಿಂಗಳು ಕಳೆದು.
ಬಿಚ್ಚಲಿಲ್ಲ. ಇನ್ನೂ ಬಿಗಿಯಾಗಿ ಸುತ್ತಿ ಬಂದ.

ಮುಂದೆ ಎಲ್ಲ ಸಡಿಲಾಯಿತು, ಹಡಗುಗಳು ತುಂಬಿ ಹೊರಟವು.
ಬೆದ್ರಿ ಆಚೆ ದಡಕ್ಕೆ ಹೋಗಿ
ಹತ್ತು ವರ್ಷ ಅವರ ಗೋಡೆಗಳಿಗೆ ಗಾರೆ ಬಳಿದು ಬಂದ.
ಕತ್ತೆಯ ಸುದ್ದಿ ಅಲ್ಲಿ ಯಾರನ್ನೂ ಕೇಳಲಿಲ್ಲವಂತೆ.
ಯಾಕೋ, ನಾನೂ ಕೇಳಲಿಲ್ಲ.

ಮೊನ್ನೆ ನನ್ನ ಮೊಮ್ಮಗಳು ಫೋನಿನಲ್ಲಿ ಹುಡುಕಿಕೊಟ್ಟಳು.
ಬಣ್ಣಬಣ್ಣವಾಗಿ, ಒಂದು ಚುಕ್ಕಿ ಹಿಮವಿಲ್ಲದೆ.
ಇಡೀ ರಾತ್ರಿ ಅಂದುಕೊಂಡದ್ದು ಹನ್ನೊಂದೇ ನಿಮಿಷ.
ಬೊಂಬೆಯಾಡಿಸುವವನ ಬೆರಳು ಕಾಣುತ್ತದೆ.
ಟೋಪಿ ಹಳದಿ.
ಕಾಗದ ನಿಜಕ್ಕೂ ಬೂದು.

ಓಡಿದೆ ಬೆದ್ರಿಯ ಮನೆಗೆ, ಮಂಡಿನೋವು ಮರೆತು.
ಫೋನು ಮುಖದ ಮುಂದೆ ಹಿಡಿದರೆ
ಬಿಸಿಲಿಗೆ ಅಡ್ಡ ಹಿಡಿದಂತೆ ಕೈ ಎತ್ತಿದ.
'ಆರಿಸು ಅದನ್ನ,' ಅಂದ. ಸಿಗರೇಟು ಹಚ್ಚಿ
ಬಾಲ್ಕನಿಗೆ ಹೋಗಿ, ನನಗೆ ಬೆನ್ನು, ಕಡಲಿಗೆ ಮುಖ.
'ನೀನು ಹೇಳು.'

ಅಡಿಗೆಮನೆಯಿಂದ ಶುರುಮಾಡಿದೆ:
'ಕತ್ತೆ ಬಂತು.'
'ಟೋಪಿ?'
'ಹಾಕಿಕೊಂಡಿದೆ.'
'ಬಣ್ಣ?'
'ಕೆಂಪು,' ಅಂದೆ.